ಪರದೆಗೆ ಹೊಣೆ ಯಾರು?

2020ನೆಯ ಇಸವಿಯ ಆಗಸ್ಟ್ 11ರಂದು ಅಮೆರಿಕದ ಸಿಟಿಬ್ಯಾಂಕು, ರೆವ್ಲಾನ್ ಎಂಬ ಸೌಂದರ್ಯಸಾಧನಗಳ ಕಂಪನಿಗೆ ಸಾಲ ಕೊಟ್ಟಿದ್ದ ಹಲವಾರು ಹಣಕಾಸು ಸಂಸ್ಥೆಗಳಿಗೆ, ಆ ಕಂಪನಿಯ ಪರವಾಗಿ, ಸುಮಾರು 78 ಲಕ್ಷ ಡಾಲರುಗಳ ಬಡ್ಡಿಯನ್ನು ಸಂದಾಯ ಮಾಡಬೇಕಾಗಿದ್ದಿತು. ಸಂದಾಯವಾದದ್ದು ಬಡ್ಡಿ ಮಾತ್ರವಲ್ಲ. 2023ರವರೆಗೆ ವಾಯಿದೆಯಿದ್ದ ಅಸಲೂ ಕೂಡಿ ಸುಮಾರು 90 ಕೋಟಿ ಡಾಲರುಗಳು ಬ್ಯಾಂಕಿನ ಸ್ವಂತ ಬೊಕ್ಕಸದಿಂದ ಹೊರಟುಹೋದುವು. ಕಳ್ಳತನವಾಗಲಿ, ವಂಚನೆಯಾಗಲಿ, ಯಂತ್ರದ ಕೆಡುಕಾಗಲಿ ಅಲ್ಲಿ ನಡೆದಿರಲಿಲ್ಲ. ಯಂತ್ರವು ತನಗೆ ಹೇಳಿದುದನ್ನು ಹೇಳಿದಂತೆಯೇ ಮಾಡಿತ್ತು. ಹೇಳಿದವರು ಮಾತ್ರ ತಾವು ಬೇರೇನನ್ನೋ ಹೇಳಿದೆವೆಂದು ನಂಬಿದ್ದರು.

ಆ ನಂಬಿಕೆ ಹುಟ್ಟಿದ ಬಗೆಯನ್ನು ಕೊಂಚ ವಿವರವಾಗಿ ನೋಡತಕ್ಕದ್ದು. ಬ್ಯಾಂಕು ಬಳಸುತ್ತಿದ್ದ ಫ್ಲೆಕ್ಸ್‌ಕ್ಯೂಬ್ ಎಂಬ ತಂತ್ರಾಂಶದಲ್ಲಿ ಅಂದಿನ ಲೆಕ್ಕವನ್ನು ಸರಿಹೊಂದಿಸಲು ಇದ್ದ ಸುಲಭಮಾರ್ಗವೆಂದರೆ, ಸಾಲವೆಲ್ಲ ತೀರಿಹೋಯಿತೆಂದು ದಾಖಲು ಮಾಡಿ, ಅಸಲಿನ ಮೊತ್ತವು ಹೊರಗೆ ಹೋಗದೆ ಬ್ಯಾಂಕಿನದೇ ಆದ ಒಂದು ಒಳಖಾತೆಗೆ ತಿರುಗುವಂತೆ ಮಾಡುವುದು. ಹಾಗೆ ತಿರುಗಬೇಕಾದರೆ ಪರದೆಯ ಮೇಲೆ ‘ಪ್ರಿನ್ಸಿಪಲ್’, ‘ಫ್ರಂಟ್’, ‘ಫಂಡ್’ ಎಂಬ ಮೂರು ಚೌಕಗಳಲ್ಲಿಯೂ ಗುರುತು ಹಾಕಬೇಕಾಗಿದ್ದಿತು. ಅಸಲನ್ನು ತಡೆಯುವುದಕ್ಕೆ ಅಸಲಿನ ಹೆಸರನ್ನೇ ಹೊತ್ತ ಮೊದಲನೆಯ ಚೌಕವೊಂದೇ ಸಾಕೆಂದು ನಮೂದು ಮಾಡಿದವರು ತಿಳಿದರು. ಅದನ್ನು ಪರಿಶೀಲಿಸಿದವರೂ ಹಾಗೆಯೇ ತಿಳಿದರು. ಅನುಮೋದಿಸಿದ ಹಿರಿಯ ಅಧಿಕಾರಿಯೂ ಹಾಗೆಯೇ ತಿಳಿದರು. ಮೂವರ ಆರು ಕಣ್ಣುಗಳು ನೋಡಿದ ಹೊರತು ದೊಡ್ಡ ಪಾವತಿ ಆಗಕೂಡದೆಂಬುದು ಬ್ಯಾಂಕಿನ ನಿಯಮ. ಆರು ಕಣ್ಣುಗಳೂ ನೋಡಿದುವು. ಕೊನೆಯ ಘಳಿಗೆಯಲ್ಲಿ ತಂತ್ರಾಂಶವು ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಹಣವು ಬ್ಯಾಂಕಿನಿಂದ ಹೊರಗೆ ಹೋಗಲಿದೆ, ಮುಂದುವರಿಯಬೇಕೆ ಎಂದು. ಬಡ್ಡಿಯ ಹಣ ಹೇಗೂ ಹೊರಗೆ ಹೋಗಲೇಬೇಕಾಗಿದ್ದುದರಿಂದ ಆ ಪ್ರಶ್ನೆಯಲ್ಲಿ ಬೆದರತಕ್ಕದ್ದು ಏನೂ ಕಾಣಲಿಲ್ಲ. ಹೋಗಲಿರುವ ಹಣ ಎಷ್ಟು, ಅದರಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂಬ ಎರಡು ಸಂಗತಿಗಳಲ್ಲಿ ಒಂದನ್ನು ತಿಳಿಸಿದ್ದರೂ ಮೂವರಲ್ಲಿ ಒಬ್ಬರ ಕೈಯಾದರೂ ನಿಲ್ಲುತ್ತಿತ್ತು. ಎಚ್ಚರಿಕೆಯು ಎರಡನ್ನೂ ತಿಳಿಸಲಿಲ್ಲ.

ಹೋದ ಹಣದಲ್ಲಿ ಸುಮಾರು 50 ಕೋಟಿ ಡಾಲರುಗಳನ್ನು ಪಡೆದವರು ಹಿಂದಿರುಗಿಸಲು ಒಪ್ಪಲಿಲ್ಲ. 2021ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಜೆಸ್ಸಿ ಫರ್ಮನ್ ಅವರು ಹಣ ಪಡೆದವರ ಪಕ್ಷದಲ್ಲಿಯೇ ತೀರ್ಪಿತ್ತರು. 2022ರ ಸೆಪ್ಟೆಂಬರಿನಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಿರುವಿದ ಮೇಲೆಯೇ ಬ್ಯಾಂಕು ಉಸಿರಾಡಿದ್ದು. ನ್ಯಾಯಶಾಸ್ತ್ರದ ಸ್ವಾರಸ್ಯ ಇರಲಿ. ಕನ್ನಡನಾಡಿನ ಓದುಗರು ಗಮನಿಸತಕ್ಕ ಅಂಶ ಬೇರೊಂದುಂಟು. ಫ್ಲೆಕ್ಸ್‌ಕ್ಯೂಬ್ ಎಂಬುದು ಸಿಟಿಬ್ಯಾಂಕಿನ ಒಡಲಿನಿಂದಲೇ ಹುಟ್ಟಿ, ಮುಂಬಯಿ ಬೆಂಗಳೂರುಗಳಲ್ಲಿ ನೆಲೆಯೂರಿ ಬೆಳೆದು, ಆಮೇಲೆ ಒರಾಕಲ್ ಸಂಸ್ಥೆಯ ಕೈಸೇರಿದ ಐ-ಫ್ಲೆಕ್ಸ್ ಎಂಬ ನಮ್ಮ ದೇಶದ ಕಂಪನಿಯ ಸೃಷ್ಟಿ. ಅಂದು ಪರದೆಯ ಮುಂದೆ ಕುಳಿತಿದ್ದ ಮೂವರಲ್ಲಿ ಮೊದಲಿನ ಇಬ್ಬರು, ಬೆಂಗಳೂರನ್ನೇ ಕೇಂದ್ರವಾಗುಳ್ಳ ವಿಪ್ರೊ ಸಂಸ್ಥೆಯ ಪರವಾಗಿ ಭಾರತದಲ್ಲಿಯೇ ಕೆಲಸಮಾಡುತ್ತಿದ್ದವರು. ತಂತ್ರಾಂಶವನ್ನು ಬಳಸುವವರು ಸಾಗರದಾಚೆ ಇರುತ್ತಾರೆ, ಅವರ ಕಷ್ಟಸುಖ ನಮಗೆ ತಿಳಿಯುವ ಬಗೆ ಹೇಗೆ ಎಂದು ನಮ್ಮ ಕಂಪನಿಗಳು ನಾಲ್ಕು ದಶಕಗಳಿಂದ ಹೇಳಿಕೊಂಡು ಬಂದಿರುವ ಸಮಾಧಾನವು ಈ ಪ್ರಕರಣದಲ್ಲಿ ನಿಲ್ಲುವುದಿಲ್ಲ.

ನ್ಯಾಯಾಲಯದ ದಾಖಲೆಗಳಲ್ಲಿ ಗುಂಡಿ ಒತ್ತಿದವರ ಹೆಸರುಗಳಿವೆ, ಅವರು ಬರೆದುಕೊಂಡ ಪತ್ರಗಳಿವೆ, ನಿಮಿಷ ನಿಮಿಷದ ವಿವರವಿದೆ. ಆ ಮೂರು ಚೌಕಗಳು ಹಾಗಿರಲಿ ಎಂದು ಯಾವ ದಿನ, ಯಾವ ಸಭೆಯಲ್ಲಿ, ಯಾರು ನಿಶ್ಚಯಿಸಿದರೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದಂತಿಲ್ಲ. ಎತ್ತಿದ್ದರೂ ಉತ್ತರ ದೊರೆಯುತ್ತಿದ್ದಿತೆಂದು ನನಗೆ ನಂಬಿಕೆಯಿಲ್ಲ. ಇಂಥ ನಿಶ್ಚಯಗಳನ್ನು ಬಹುಮಟ್ಟಿಗೆ ಯಾರೂ ಮಾಡುವುದಿಲ್ಲ; ಅವು ಆಗಿಹೋಗುತ್ತವೆ. ದತ್ತಸಂಚಯದಲ್ಲಿ ಮೂರು ಅಂಕಣಗಳಿದ್ದಿರಬೇಕು, ಆದುದರಿಂದ ಪರದೆಯಲ್ಲಿಯೂ ಮೂರು ಚೌಕಗಳಾಗಿರಬೇಕು. ಒಳಗಿನ ಕಟ್ಟಡ ಹೀಗೆ ಹೊರಗಿನ ಮುಖವಾಗಿಬಿಡುತ್ತದೆ. ಈ ಆಗಿಹೋಗುವಿಕೆಯನ್ನು ತಡೆಯುವ ಅಧಿಕಾರ ಯಾರಿಗಿದೆ, ಯಾವಾಗ ಇದೆ ಎಂಬುದು ಆಡಳಿತದ ಪ್ರಶ್ನೆ. ಅದನ್ನು ಪ್ರತಿಭೆಯ ಪ್ರಶ್ನೆಯೆಂದು ತಿಳಿದು ಒಳ್ಳೆಯ ಡಿಸೈನರುಗಳನ್ನು ಹುಡುಕಿ ತಂದು ಕೂಡಿಸಿಕೊಳ್ಳುವುದರಿಂದ ಮಾತ್ರವೇ ನಮ್ಮ ಕಂಪನಿಗಳಿಗೆ ಪರಿಹಾರ ದೊರೆಯದೆಂಬುದು ನನ್ನ ಅಭಿಪ್ರಾಯ.

ಪರದೆಯ ನಡವಳಿಕೆಯನ್ನು ರೂಪಿಸುವ ಈ ಕಾರ್ಯಕ್ಕೆ ಇಂಟರ್ಯಾಕ್ಷನ್ ಡಿಸೈನ್ ಎಂಬ ಹೆಸರನ್ನು 1980ರ ದಶಕದಲ್ಲಿ ಬಿಲ್ ಮೊಗ್ರಿಜ್ ಮತ್ತು ಬಿಲ್ ವರ್ಪ್ಲಾಂಕ್ ಎಂಬವರು ರೂಢಿಗೆ ತಂದರು. ಬಳಕೆಯ ವಿನ್ಯಾಸ ಎಂದು ಇಲ್ಲಿ ಕರೆಯುತ್ತೇನೆ. ಬಣ್ಣ, ಅಕ್ಷರದ ಗಾತ್ರ, ಗುಂಡಿಯ ದುಂಡು ಮೂಲೆ ಇವು ಅದರ ಹೊರಮೈ ಮಾತ್ರ. ಏನು ಮಾಡಿದರೆ ಏನಾಗುತ್ತದೆ, ಆದುದು ಹೇಗೆ ತಿಳಿಯುತ್ತದೆ, ತಪ್ಪಿದರೆ ಹಿಂದಿರುಗುವ ದಾರಿ ಎಲ್ಲಿದೆ, ಯಾವುದನ್ನು ಕೇಳಬೇಕು, ಯಾವುದನ್ನು ಕೇಳದೆ ತಾನೇ ಊಹಿಸಿಕೊಳ್ಳಬೇಕು—ಇವೇ ಅದರ ಒಳಗಣ ವಸ್ತು. ಇವುಗಳಲ್ಲಿ ಒಂದೊಂದೂ ತಂತ್ರಾಂಶದ ಅಸ್ಥಿಪಂಜರಕ್ಕೆ ಸಂಬಂಧಿಸಿದ್ದು. ಮಾಡಿದುದನ್ನು ಹಿಂತೆಗೆದುಕೊಳ್ಳುವ ಅವಕಾಶ ಬಳಕೆದಾರನಿಗೆ ಬೇಕೆಂದು ಕಟ್ಟೋಣವೆಲ್ಲ ಮುಗಿದ ಮೇಲೆ ಹೇಳಿದರೆ, ಎಂಜಿನಿಯರು ನಗುವುದಕ್ಕೂ ಅಳುವುದಕ್ಕೂ ಆಗದೆ ನಿಲ್ಲಬೇಕಾಗುತ್ತದೆ.

ಈ ಕಾಲಕ್ರಮದ ವಿಷಯವನ್ನು ಅತ್ಯಂತ ಕಟುವಾಗಿ ಹೇಳಿದವರು ಅಲನ್ ಕೂಪರ್. ವಿಷುಯಲ್ ಬೇಸಿಕ್‌ನ ಜನಕನೆಂದು ಪ್ರಸಿದ್ಧರಾದ, ತಾವೇ ಪ್ರೋಗ್ರಾಮರ್ ಆಗಿದ್ದ ಈ ಮನುಷ್ಯ, 1999ರಲ್ಲಿ ಪ್ರಕಟವಾದ ‘ದಿ ಇನ್‌ಮೇಟ್ಸ್ ಆರ್ ರನ್ನಿಂಗ್ ದಿ ಅಸೈಲಮ್’ ಎಂಬ ಗ್ರಂಥದಲ್ಲಿ, ತಂತ್ರಾಂಶ ಹೇಗೆ ವರ್ತಿಸಬೇಕೆಂಬುದನ್ನು ಅದನ್ನು ಬರೆಯುವವರಿಗೇ ಬಿಟ್ಟುಕೊಟ್ಟರೆ ಅವರು ತಮಗೆ ಬರೆಯಲು ಯಾವುದು ಸುಲಭವೋ ಅದನ್ನೇ ಬಳಸುವವರಿಗೆ ಸುಲಭವೆಂದು ಶುದ್ಧಾಂತಃಕರಣದಿಂದ ನಂಬುತ್ತಾರೆಂದೂ, ಆದಕಾರಣ ಒಂದು ಸಾಲು ಬರೆಯುವ ಮೊದಲೇ ನಡವಳಿಕೆಯೆಲ್ಲ ನಿಶ್ಚಯವಾಗಿರಬೇಕೆಂದೂ ವಾದಿಸಿದರು. ಎರಡು ವರ್ಷಗಳಲ್ಲಿಯೇ ಪ್ರತಿವಾದ ಬಂದಿತು. 2001ರ ಫೆಬ್ರವರಿಯಲ್ಲಿ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬಲ್ಲಿ ಸೇರಿದ ಹದಿನೇಳು ಮಂದಿ ತಂತ್ರಾಂಶ ತಜ್ಞರು ಅಜೈಲ್ ಎಂಬ ಪಂಥವನ್ನು ಘೋಷಿಸಿದರು. ಮೊದಲೇ ಎಲ್ಲವನ್ನೂ ನಿಶ್ಚಯಿಸುವ ಹಂಬಲವೇ ಹಾನಿಕರ, ಸ್ವಲ್ಪ ಕಟ್ಟಿ ಸ್ವಲ್ಪ ತೋರಿಸಿ ತಿದ್ದಿಕೊಳ್ಳುತ್ತ ಹೋಗಬೇಕೆಂಬುದು ಅವರ ಪಕ್ಷ. ಅವರಲ್ಲಿ ಒಬ್ಬರಾದ ಕೆಂಟ್ ಬೆಕ್ ಮತ್ತು ಕೂಪರ್ ಇಬ್ಬರೂ 2002ರಲ್ಲಿ ಮುಖಾಮುಖಿಯಾಗಿ ಚರ್ಚಿಸಿದ್ದೂ ಉಂಟು. ಇಬ್ಬರೂ ತಂತಮ್ಮ ಸ್ಥಾನಗಳಿಂದ ಕದಲಲಿಲ್ಲ.

ನನಗೆ ತೋರುವಂತೆ ಇಬ್ಬರಲ್ಲಿಯೂ ಅರ್ಧ ಸತ್ಯವಿದ್ದಿತು. ಆದರೆ ನಮ್ಮ ಕಂಪನಿಗಳು ಇಬ್ಬರಿಂದಲೂ ತಮಗೆ ಅನುಕೂಲವಾದ ಅರ್ಧವನ್ನು ಮಾತ್ರ ತೆಗೆದುಕೊಂಡುವು. ಕೂಪರ್ ಅವರಿಂದ ‘ಪರ್ಸೋನಾ’ ಎಂಬ ಕಲ್ಪಿತ ಬಳಕೆದಾರರ ಚಿತ್ರಪಟಗಳನ್ನು ತೆಗೆದುಕೊಂಡು, ಗೋಡೆಗೆ ಅಂಟಿಸಿ, ಅವರು ಕೇಳಿದ ಅಧಿಕಾರವನ್ನು ಮಾತ್ರ ಕೊಡದೆ ಉಳಿಸಿಕೊಂಡುವು. ಬೆಕ್ ಅವರ ಪಂಥದಿಂದ ಸ್ಪ್ರಿಂಟ್ ಎಂಬ ಎರಡು ವಾರಗಳ ಸರದಿಯನ್ನು ತೆಗೆದುಕೊಂಡು, ನಿಜವಾದ ಬಳಕೆದಾರನೊಬ್ಬನು ತಂಡದ ಜೊತೆಯಲ್ಲಿಯೇ ಇರಬೇಕೆಂಬ ನಿಯಮವನ್ನು ಮರೆತುಬಿಟ್ಟುವು. ಹೀಗಾಗಿ ಮುಂಚಿತವಾದ ಆಲೋಚನೆಯೂ ಇಲ್ಲ, ತರುವಾಯದ ತಿದ್ದುಪಡಿಯೂ ಇಲ್ಲ ಎಂಬ ವಿಚಿತ್ರ ಸಂಪ್ರದಾಯವೊಂದು ಅಜೈಲ್ ಎಂಬ ಹೆಸರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ನೆಲೆಗೊಂಡಿದೆ. ಇವೆರಡನ್ನೂ ಹೊಂದಿಸುವ ಮಾರ್ಗ ಇಲ್ಲವೆಂದಲ್ಲ. ಟೊರಾಂಟೊದಲ್ಲಿ ಆಟೋಡೆಸ್ಕ್ ಸಂಸ್ಥೆಯವರು, ಎಂಜಿನಿಯರುಗಳು ಈ ಸರದಿಯಲ್ಲಿ ಕಟ್ಟುವುದನ್ನು ವಿನ್ಯಾಸಕರು ಹಿಂದಿನ ಸರದಿಯಲ್ಲಿಯೇ ರೂಪಿಸಿ ಪರೀಕ್ಷಿಸಿಕೊಂಡು, ಹೋದ ಸರದಿಯಲ್ಲಿ ಕಟ್ಟಿದುದನ್ನು ಈಗ ಬಳಕೆದಾರರ ಮುಂದಿಟ್ಟು ನೋಡುವಂಥ ಒಂದು ಕ್ರಮವನ್ನು ನಡೆಸಿ, 2007ರಲ್ಲಿ ಅದನ್ನು ಲೇಖನರೂಪದಲ್ಲಿ ಪ್ರಕಟಿಸಿದರು. ಇದಕ್ಕೆ ವಿಶೇಷ ವಿದ್ವತ್ತು ಬೇಕಿಲ್ಲ. ವಿನ್ಯಾಸಕರನ್ನು ಒಂದು ಸರದಿ ಮೊದಲು ಕೆಲಸಕ್ಕೆ ತೊಡಗಿಸಬೇಕು; ಅಂದರೆ, ಇನ್ನೂ ಯಾರೂ ಕೇಳದ ಕೆಲಸಕ್ಕೆ ಅವರ ಸಂಬಳವನ್ನು ವೆಚ್ಚಮಾಡಬೇಕು.

ನಮ್ಮಲ್ಲಿ ಇಕ್ಕಟ್ಟು ಬರುವುದು ಇಲ್ಲಿಯೇ. ಬೆಂಗಳೂರಿನ ತಂತ್ರಾಂಶ ಉದ್ಯಮವು ಬಹುಕಾಲ ಬೆಳೆದದ್ದು ಮನುಷ್ಯರ ಗಂಟೆಗಳನ್ನು ಮಾರಿ. ಗಿರಾಕಿಗೆ ಬಿಲ್ ಮಾಡಬಹುದಾದ ಗಂಟೆ ಸಾರ್ಥಕ. ಮಾಡಲಾಗದ ಗಂಟೆ ನಷ್ಟ. ಗುಮಾಸ್ತನೊಬ್ಬನ ಪಕ್ಕದಲ್ಲಿ ಕುಳಿತು ಅವನು ಎಲ್ಲಿ ತಡವರಿಸುತ್ತಾನೆಂದು ನೋಡಿದ ಗಂಟೆಯನ್ನು ಯಾವ ಬಾಬಿನಲ್ಲಿ ಬರೆಯುವುದು? ಇದಲ್ಲದೆ, ಹಣ ಕೊಡುವ ಗಿರಾಕಿ ಬೇರೆ, ದಿನವಿಡೀ ಆ ಪರದೆಯ ಮುಂದೆ ಕುಳಿತುಕೊಳ್ಳುವವನು ಬೇರೆ. ಗಿರಾಕಿಯ ಪರವಾಗಿ ಬರುವ ಅಧಿಕಾರಿಗೆ ರಿಕ್ವೈರ್‌ಮೆಂಟುಗಳ ಪಟ್ಟಿಯಲ್ಲಿ ಎಷ್ಟು ಸಾಲುಗಳು ಪೂರೈಸಿದುವೆಂಬುದು ಮುಖ್ಯ. ಆ ಸಾಲುಗಳಲ್ಲಿ ‘ಗುಮಾಸ್ತನು ಮೋಸಹೋಗತಕ್ಕದ್ದಲ್ಲ’ ಎಂಬ ಸಾಲು ಇರುವುದಿಲ್ಲ. ಫೀಚರ್ ಎಣಿಕೆಗೆ ಸಿಕ್ಕುತ್ತದೆ; ಗೊಂದಲ ಎಣಿಕೆಗೆ ಸಿಕ್ಕುವುದಿಲ್ಲ. ಕಡೆಗೆ ಡೆಲಿವರಿಗೆ ಮೂರು ವಾರ ಉಳಿದಿರುವಾಗ ವಿನ್ಯಾಸಕರೊಬ್ಬರನ್ನು ಕರೆದು ‘ಸ್ಕ್ರೀನ್ ಸ್ವಲ್ಪ ಚೆನ್ನಾಗಿ ಕಾಣುವಂತೆ ಮಾಡಿಕೊಡಿ’ ಎನ್ನುತ್ತಾರೆ. ಗೋಡೆಯೆದ್ದು ತಾರಸಿ ಬಿದ್ದ ಮನೆಗೆ ಸುಣ್ಣ ಬಳಿಯುವವನನ್ನು ಕರೆತಂದು, ಅಡಿಗೆಮನೆಗೆ ಗಾಳಿಬೆಳಕು ಬರುವಂತೆ ಬಳಿಯಪ್ಪಾ ಎಂದ ಹಾಗೆ. ಬಳಿಯುವವನು ಬುದ್ಧಿವಂತನಾಗಿದ್ದರೆ ಕಿಟಕಿಯ ಚಿತ್ರವೊಂದನ್ನು ಬರೆದು ಕೂಲಿ ಪಡೆದು ಹೋಗುತ್ತಾನೆ.

ವಿನ್ಯಾಸಕರ ಸಂಖ್ಯೆಯನ್ನು ಹೆಚ್ಚಿಸಿದರೆ ಸಾಕೆನ್ನುವವರೂ ಇದ್ದಾರೆ. ಐ.ಬಿ.ಎಂ. ಸಂಸ್ಥೆಯು 2012ರಿಂದ ಮುಂದಕ್ಕೆ ಈ ದಿಕ್ಕಿನಲ್ಲಿ ಬಹು ಹಣ ಸುರಿದು, 72 ಎಂಜಿನಿಯರುಗಳಿಗೆ ಒಬ್ಬ ವಿನ್ಯಾಸಕನಿದ್ದ ಪ್ರಮಾಣವನ್ನು ಕೆಲವೇ ವರ್ಷಗಳಲ್ಲಿ 8ಕ್ಕೆ ಒಬ್ಬನೆಂಬ ಮಟ್ಟಕ್ಕೆ ತಂದಿತು. ಶ್ಲಾಘ್ಯವೇ. ಆದರೆ ಸಂಖ್ಯೆ ಅಧಿಕಾರವಲ್ಲ. ಗೂಗಲ್ ಸಂಸ್ಥೆಯ ದೃಶ್ಯವಿನ್ಯಾಸದ ಮುಖ್ಯರಾಗಿದ್ದ ಡಗ್ಲಸ್ ಬೌಮನ್ 2009ರಲ್ಲಿ ಕೆಲಸ ಬಿಟ್ಟಾಗ ಬಹಿರಂಗವಾಗಿ ಹೇಳಿದ ಕಾರಣ ಎಲ್ಲರಿಗೂ ತಿಳಿದದ್ದು. ಎರಡು ನೀಲಿ ಬಣ್ಣಗಳಲ್ಲಿ ಯಾವುದು ಲೇಸೆಂದು ನಿಶ್ಚಯಿಸಲಾರದೆ, ಅವುಗಳ ನಡುವಣ 41 ಛಾಯೆಗಳನ್ನು ಪರೀಕ್ಷೆಗೆ ಒಡ್ಡಿದರಂತೆ. ಗೆರೆಯೊಂದರ ದಪ್ಪ ಮೂರು ಬಿಂದುಗಳಿರಬೇಕೋ ನಾಲ್ಕೋ ಐದೋ ಎಂಬುದಕ್ಕೂ ಪ್ರಮಾಣ ಒದಗಿಸಬೇಕೆಂದರಂತೆ. ಅಳತೆಗೆ ನಾನು ವಿರೋಧಿಯಲ್ಲ. ಆದರೆ ಎಲ್ಲವನ್ನೂ ಅಳೆದೇ ನಿಶ್ಚಯಿಸುತ್ತೇವೆನ್ನುವ ಸಂಸ್ಥೆಯಲ್ಲಿ ವಸ್ತುತಃ ಯಾರೂ ಏನನ್ನೂ ನಿಶ್ಚಯಿಸುತ್ತಿಲ್ಲ. ಅಲ್ಲಿ ಅಳತೆಯು ಹೊಣೆಯಿಂದ ನುಣುಚಿಕೊಳ್ಳುವ ಒಂದು ಸಭ್ಯವಾದ ಉಪಾಯವಾಗಿರುವ ಸಂಭವವುಂಟು. ನೀಲಿಯ ಛಾಯೆಯನ್ನು ಅಳೆಯುವುದು ಸುಲಭ, ಏಕೆಂದರೆ ಒತ್ತಿದವರನ್ನು ಲೆಕ್ಕ ಹಾಕಬಹುದು. ಒತ್ತಿದ ಮೇಲೆ ಪಶ್ಚಾತ್ತಾಪಪಟ್ಟವರನ್ನು ಲೆಕ್ಕ ಹಾಕುವುದು ಅಷ್ಟು ಸುಲಭವಲ್ಲ.

ಅಳತೆ ಎಂದರೆ ಹೇಗಿರಬೇಕೆಂಬುದನ್ನು ಐ.ಬಿ.ಎಂ.ನವರೇ ಆದ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ 1985ರಷ್ಟು ಹಿಂದೆಯೇ ಹೇಳಿದ್ದರು: ಮೊದಲಿನಿಂದಲೇ ಬಳಸುವವರ ಕಡೆಗೆ ಗಮನ, ಅವರು ನಿಜವಾದ ಕೆಲಸ ಮಾಡುತ್ತಿರುವಾಗ ಅಳತೆ, ಕಂಡ ತಪ್ಪನ್ನು ತಿದ್ದಿ ಮತ್ತೆ ಪರೀಕ್ಷೆ. ಕೇಳಿದವರೆಲ್ಲ ಇದು ನಮಗೆ ತಿಳಿದದ್ದೇ ಎಂದರು. ಆದರೆ ತಂತ್ರಾಂಶ ರೂಪಿಸುವ ಕ್ರಮವನ್ನು ಬರೆದುಕೊಡಿ ಎಂದು ಇದೇ ಇಬ್ಬರು ಸಭೆಗಳಲ್ಲಿ ನಾನೂರಕ್ಕೂ ಮಿಕ್ಕಿದ ಮಂದಿಯನ್ನು ಉಪನ್ಯಾಸದ ಮೊದಲೇ ಕೇಳಿದಾಗ, ಮೂರನ್ನೂ ಬರೆದವರು ಐವರಲ್ಲಿ ಒಬ್ಬರೂ ಇರಲಿಲ್ಲ. ಸುಮಾರು ನಲವತ್ತು ವರ್ಷಗಳ ಅನಂತರ ಬೆಂಗಳೂರಿನಲ್ಲಿ ಇದೇ ಪ್ರಶ್ನೆಯನ್ನು ಕೇಳಿ ನೋಡುವ ಧೈರ್ಯ ನನಗಿಲ್ಲ.

ಪರದೆಯ ಹೊಣೆ ಯಾರದೂ ಅಲ್ಲದ ಈ ಸ್ಥಿತಿಗೆ ವಿರುದ್ಧವಾದ ಒಂದು ಉದಾಹರಣೆ, ಕುತೂಹಲಕರವಾಗಿ, ಕಂಪನಿಗಳಿಂದಲ್ಲದೆ ನಮ್ಮದೇ ಕಂದಾಯ ಇಲಾಖೆಯಿಂದ ದೊರೆಯುತ್ತದೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 2001-02ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಅಚ್ಚಾದ ಪ್ರತಿಯನ್ನು ಕೊಡತೊಡಗಿದ ‘ಭೂಮಿ’ ಯೋಜನೆಯ ಕಥೆ ಬಹುಮಂದಿಗೆ ತಿಳಿದಿದೆ. ಅಲ್ಲಿಯವರೆಗೆ ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಚೀಲಗಳಲ್ಲಿದ್ದ ದಾಖಲೆಗಳವು. ಈ ಯೋಜನೆಯಲ್ಲಿ ನಾನು ಬಹುವಾಗಿ ಮೆಚ್ಚುವ ಅಂಶ ಕೌಂಟರಿನ ಎರಡನೆಯ ಪರದೆ. ಕಿಟಕಿಯ ಒಳಗೆ ನೌಕರನು ನೋಡುವುದನ್ನೇ ಹೊರಗೆ ನಿಂತ ರೈತನೂ ನೋಡುವಂತೆ, ಅವನ ಕಡೆಗೆ ತಿರುಗಿಸಿಟ್ಟ ಮತ್ತೊಂದು ಪರದೆ. ಸರ್ವೇ ನಂಬರನ್ನು ತಪ್ಪಾಗಿ ಒತ್ತಿದರೆ ರೈತನು ಅಲ್ಲಿಯೇ ಹೇಳಬಹುದು. ಕಂಪ್ಯೂಟರಿನಲ್ಲಿ ಇಲ್ಲ, ನಾಳೆ ಬಾ ಎಂದು ಕಳುಹಿಸುವುದು ಒಳಗಿನವನಿಗೆ ಕಷ್ಟ. ಹಾಗೆಯೇ ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗಬೇಕೆಂಬ ನಿಯಮವನ್ನು ತಂತ್ರಾಂಶದ ಒಳಗೇ ಬಿಗಿದರು. ನೌಕರನು ತನ್ನ ಬೆರಳ ಗುರುತನ್ನು ಒತ್ತಿಯೇ ಒಳಹೋಗಬೇಕಾಗಿದ್ದುದರಿಂದ, ಮಾಡಿದವನು ನಾನಲ್ಲ ಎನ್ನಲು ಬರುತ್ತಿರಲಿಲ್ಲ. ಆ ಯೋಜನೆಯಿಂದ ಒಟ್ಟಿನಲ್ಲಿ ಹೆಚ್ಚು ಲಾಭವಾದದ್ದು ಸಣ್ಣ ಹಿಡುವಳಿದಾರನಿಗೋ, ಭೂಮಿಯನ್ನು ಕೊಳ್ಳಬಲ್ಲ ಬಲಶಾಲಿಗೋ ಎಂಬ ವಿವಾದವುಂಟು. ಅದನ್ನು ಇಲ್ಲಿ ಬಗೆಹರಿಸಲಾಗದು. ಆದರೆ ಎರಡನೆಯ ಪರದೆಯೆಂಬುದು ಬಳಕೆಯ ವಿನ್ಯಾಸದ ಅಪ್ಪಟ ನಿರ್ಧಾರ, ಮತ್ತು ಅದು ಸಾಧ್ಯವಾದದ್ದು ಯೋಜನೆಯ ಹೊಣೆ ಹೊತ್ತವರಿಗೆ ಪರದೆ, ಕೌಂಟರು, ನಿಯಮ, ಶುಲ್ಕ ಎಲ್ಲದರ ಮೇಲೆಯೂ ಏಕಕಾಲದಲ್ಲಿ ಅಧಿಕಾರವಿದ್ದುದರಿಂದ. ಅದೇ ಕೆಲಸವನ್ನು ತುಂಡು ಮಾಡಿ ತಂತ್ರಾಂಶವನ್ನು ಒಬ್ಬರಿಗೂ, ಪೀಠೋಪಕರಣವನ್ನು ಮತ್ತೊಬ್ಬರಿಗೂ, ನಿಯಮಾವಳಿಯನ್ನು ಮೂರನೆಯವರಿಗೂ ಕೊಟ್ಟಿದ್ದರೆ ಎರಡನೆಯ ಪರದೆ ಯಾರ ಪಟ್ಟಿಯಲ್ಲಿಯೂ ಬರುತ್ತಿರಲಿಲ್ಲ.

ಮೆಲ್ವಿನ್ ಕಾನ್ವೇ ಎಂಬವರು 1968ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಯಾವ ಸಂಸ್ಥೆಯೇ ಆಗಲಿ ತಾನು ರೂಪಿಸುವ ವ್ಯವಸ್ಥೆಯಲ್ಲಿ ತನ್ನೊಳಗಿನ ಮಾತುಕತೆಯ ಹಾದಿಗಳನ್ನೇ ಅಚ್ಚೊತ್ತಿಬಿಡುತ್ತದೆಂದು ತೋರಿಸಿದರು. ನಮ್ಮ ಬ್ಯಾಂಕುಗಳ ಮೊಬೈಲ್ ಆ್ಯಪನ್ನು ತೆರೆದು ನೋಡಿದವರಿಗೆ ಇದಕ್ಕೆ ಭಾಷ್ಯ ಬೇಕಿಲ್ಲ: ಸಾಲದ ವಿಭಾಗ, ಠೇವಣಿಯ ವಿಭಾಗ, ಕಾರ್ಡಿನ ವಿಭಾಗ ಎಂಬ ಕಚೇರಿಯ ಕೋಣೆಗಳೇ ಅಲ್ಲಿ ಗುಂಡಿಗಳಾಗಿ ಸಾಲಾಗಿ ನಿಂತಿರುತ್ತವೆ. ತನ್ನ ಹಣ ಎಷ್ಟಿದೆ, ತಿಂಗಳ ಕೊನೆಗೆ ಎಷ್ಟು ಉಳಿದೀತು ಎಂದು ತಿಳಿಯಬಯಸುವ ಖಾತೆದಾರನು ಮೂರು ಕೋಣೆಗಳಿಗೂ ಎಡತಾಕಬೇಕು. ಇದನ್ನು ಸರಿಪಡಿಸಲು ಹೊರಟ ವಿನ್ಯಾಸಕರು ಚಿತ್ರವನ್ನು ತಿದ್ದಿದರೆ ಸಾಲದು, ಮೂವರು ಮುಖ್ಯಸ್ಥರನ್ನು ಒಂದು ಮೇಜಿನ ಸುತ್ತ ಕೂಡಿಸಬೇಕು. ಹಾಗೆ ಕೂಡಿಸುವ ಸಾಮರ್ಥ್ಯ ಸಂಸ್ಥೆಯ ಶ್ರೇಣಿಯಲ್ಲಿ ಎಷ್ಟನೆಯ ಮೆಟ್ಟಿಲಿನಲ್ಲಿದೆಯೋ ವಿನ್ಯಾಸದ ಮುಖ್ಯರು ಅಲ್ಲಿರಬೇಕು. ಮಾರ್ಕೆಟಿಂಗ್ ವಿಭಾಗದ ಮೂಲೆಯಲ್ಲೋ, ಪರೀಕ್ಷಾ ವಿಭಾಗದ ಬಾಲವಾಗಿಯೋ ಅವರನ್ನಿಟ್ಟು, ವರ್ಷಕ್ಕೊಮ್ಮೆ ಡಿಸೈನ್ ಥಿಂಕಿಂಗ್ ಶಿಬಿರ ಏರ್ಪಡಿಸಿ, ಹಳದಿ ಚೀಟಿಗಳನ್ನು ಗೋಡೆಗಂಟಿಸಿ ಚಿತ್ರ ತೆಗೆಸಿಕೊಳ್ಳುವುದು ಕಾಲಹರಣ.

ವಿನ್ಯಾಸಕರಿಗೆ ಸರ್ವಾಧಿಕಾರ ಕೊಟ್ಟುಬಿಟ್ಟರೆ ಎಲ್ಲವೂ ನೆಟ್ಟಗಾಗುತ್ತದೆಂದು ನಾನು ಹೇಳುತ್ತಿಲ್ಲ. ಜೆರಾಕ್ಸ್ ಕಂಪನಿಯವರು 1981ರಲ್ಲಿ ಹೊರತಂದ ಸ್ಟಾರ್ ಎಂಬ ಗಣಕದ ಬಳಕೆಯ ವಿನ್ಯಾಸಕ್ಕಾಗಿ ಒಬ್ಬ ಮನುಷ್ಯನ ಸುಮಾರು 30 ವರ್ಷಗಳಿಗೆ ಸಮನಾದ ದುಡಿಮೆಯನ್ನು ವಿನಿಯೋಗಿಸಿದರು. ಯಂತ್ರವನ್ನು ಕಟ್ಟುವುದಕ್ಕೂ ಮೊದಲೇ ಪರದೆಯ ನಡವಳಿಕೆ ಸಿದ್ಧವಾಗಿದ್ದಿತು. ಕಡತ, ಕಡತಪೆಟ್ಟಿಗೆ, ಅಂಚೆಯ ಬುಟ್ಟಿ ಇವನ್ನೆಲ್ಲ ಚಿತ್ರಗಳಾಗಿ ಮೇಜಿನ ಮೇಲಿಟ್ಟಂತೆ ತೋರಿಸುವ ಇಂದಿನ ಪದ್ಧತಿ ಮಾರುಕಟ್ಟೆಗೆ ಬಂದದ್ದು ಆ ಯಂತ್ರದಿಂದ. ಆದರೂ ಅದು ನಿಧಾನವಾಗಿ ಓಡುತ್ತಿತ್ತು, ಒಂದೊಂದಕ್ಕೂ ಸುಮಾರು 16,000 ಡಾಲರುಗಳ ಬೆಲೆ, ಕಚೇರಿಗೆ ಒಂದೇ ಕೊಂಡರೆ ಪ್ರಯೋಜನವಿಲ್ಲ, ವ್ಯಾಪಾರದಲ್ಲಿ ಸೋತಿತು. ಪರದೆಯ ಮೇಲೆ ಸಂಪೂರ್ಣವಾದ ಅಧಿಕಾರವಿದ್ದವರು ವೇಗ ಮತ್ತು ಬೆಲೆಗಳ ಮೇಲೆ ಹೊಣೆ ಹೊರದಿದ್ದರೆ ಹೀಗಾಗುತ್ತದೆ. ವೇಗವೂ ಬಳಕೆಯ ವಿನ್ಯಾಸದ ಅಂಗವೇ ಆದುದರಿಂದ, ಎಂಜಿನಿಯರಿನೊಡನೆ ಜಗಳವಾಡದೆ ಇರುವ ವಿನ್ಯಾಸಕನು ತನ್ನ ಕೆಲಸವನ್ನು ಅರ್ಧ ಮಾತ್ರ ಮಾಡುತ್ತಿದ್ದಾನೆಂದೇ ನಾನು ತಿಳಿಯುತ್ತೇನೆ.

ಈ ಹೊಣೆಯ ವಿಷಯದಲ್ಲಿ ವಿನ್ಯಾಸಕರ ಪಾಲಿನ ದೋಷವೂ ಅಲ್ಪವಲ್ಲ. ಫಿಗ್ಮಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಸುಂದರವಾದ ಪರದೆಗಳನ್ನು ಬರೆದು, ಕೊಂಡಿಯನ್ನು ಕಳುಹಿಸಿ, ಮುಂದಿನ ಪ್ರಾಜೆಕ್ಟಿಗೆ ಹೋಗಿಬಿಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಬರೆದ ಪರದೆಯಲ್ಲಿ ಪಟ್ಟಿಗೆ ಯಾವಾಗಲೂ ಐದೇ ಸಾಲುಗಳು. ನಿಜವಾದ ಗ್ರಾಹಕನಿಗೆ ಐನೂರು. ಚಿತ್ರದಲ್ಲಿ ಹೆಸರು ‘ರವಿ’; ನಿಜದಲ್ಲಿ ಊರು, ತಂದೆ, ಮನೆತನ ಮೂರೂ ಸೇರಿದ ಉದ್ದನೆಯ ಹೆಸರು, ಅದೂ ಕನ್ನಡ ಲಿಪಿಯಲ್ಲಿ, ಒತ್ತಕ್ಷರಗಳು ಕೆಳಗಿನ ಗೆರೆಯನ್ನು ಹಾಯ್ದು ಹೋಗುವಂಥದು. ನೆಟ್‌ವರ್ಕ್ ಹೋದಾಗ, ಅರ್ಧ ತುಂಬಿದ ಅರ್ಜಿ ಕೈಬಿಟ್ಟುಹೋದಾಗ, ಇಬ್ಬರು ಏಕಕಾಲದಲ್ಲಿ ಒಂದೇ ದಾಖಲೆಯನ್ನು ತಿದ್ದಿದಾಗ ಏನಾಗಬೇಕೆಂಬುದು ಚಿತ್ರದಲ್ಲಿರುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಯಾವನೋ ಎಂಜಿನಿಯರು ತನಗೆ ತೋಚಿದಂತೆ ಅದನ್ನು ನಿಶ್ಚಯಿಸುತ್ತಾನೆ, ಮತ್ತು ಆಮೇಲೆ ವಿನ್ಯಾಸವನ್ನು ಕೆಡಿಸಿದನೆಂಬ ಅಪವಾದವನ್ನೂ ಹೊರುತ್ತಾನೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಇರದವರಿಗೆ ಆ ಪರದೆಯನ್ನು ತಮ್ಮದೆಂದು ಹೇಳಿಕೊಳ್ಳುವ ಹಕ್ಕಿಲ್ಲ. ಆದುದರಿಂದ ನಾನು ಸಂಸ್ಥೆಗಳ ಮುಖ್ಯಸ್ಥರಿಗೆ ಹೇಳುವುದು ಇಷ್ಟು: ನಡವಳಿಕೆಯ ಪ್ರತಿಯೊಂದು ನಿರ್ಧಾರಕ್ಕೂ ಒಬ್ಬರ ಹೆಸರಿರಲಿ; ಆ ಹೆಸರಿನವರು ಕಟ್ಟುವುದಕ್ಕೆ ಮೊದಲು ಬಂದು, ಕಟ್ಟಿ ಬಳಕೆಗೆ ಬಿಟ್ಟ ಆರು ತಿಂಗಳವರೆಗೆ ಅಲ್ಲಿಯೇ ಇರಲಿ; ದೂರಿನ ಕರೆಗಳು ವಾರಕ್ಕೆ ಒಂದು ದಿನ ಅವರ ಕಿವಿಗೂ ಬೀಳಲಿ; ಅವರ ಮಾತನ್ನು ಮೀರಿ ಡೆಲಿವರಿ ಮಾಡಬೇಕಾಗಿ ಬಂದರೆ ಮೀರಿದವರು ಕಾರಣವನ್ನು ಬರೆದು ಸಹಿ ಹಾಕಲಿ. ಕೊನೆಯದನ್ನು ಕೇಳಿ ಯಾವ ಪ್ರಾಡಕ್ಟ್ ಮ್ಯಾನೇಜರೂ ಸಂತೋಷಪಡಲಾರರೆಂದು ಬಲ್ಲೆ.

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಹತ್ತು ಮಂದಿ ಸೇರಿ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುವ ಸಣ್ಣ ಕಂಪನಿಯವರು, ಇದೆಲ್ಲ ದೊಡ್ಡವರ ಮಾತು, ನಮಗೆ ಒಬ್ಬ ಡಿಸೈನರಿಗೆ ಸಂಬಳ ಕೊಡುವ ಶಕ್ತಿಯೂ ಇಲ್ಲ ಎನ್ನಬಹುದು. ಅವರಿಗೆ ಬೇರೆ ಮನುಷ್ಯ ಬೇಕಿಲ್ಲ. ಇರುವ ಹತ್ತು ಮಂದಿಯಲ್ಲಿ ತಾಳ್ಮೆಯುಳ್ಳ ಒಬ್ಬರನ್ನು ಆರಿಸಿ, ತಿಂಗಳಿಗೆ ಎರಡು ದಿನ ಯಾವುದಾದರೂ ಸಂಘದ ಕೌಂಟರಿನ ಹಿಂದೆ, ದಿನದ ಲೆಕ್ಕ ಮುಗಿಸಿ ನಗದು ತಾಳೆ ನೋಡುವ ಸಂಜೆಯ ಹೊತ್ತಿನಲ್ಲಿ ಕುಳ್ಳಿರಿಸಿ, ಬಾಯಿ ತೆರೆಯದೆ ನೋಡಿಬರಲು ಕಳುಹಿಸಬೇಕು. ಹಿಂದಿರುಗಿ ಬಂದ ಮೇಲೆ ಪರದೆ ಹೇಗಿರಬೇಕೆಂಬ ವಿಷಯದಲ್ಲಿ ಅವರ ಮಾತೇ ನಡೆಯಬೇಕು. ಮಾಲೀಕರಿಗೆ ಅದು ಒಪ್ಪಿಗೆಯಾಗದಿದ್ದರೆ ತಳ್ಳಿಹಾಕುವ ಅಧಿಕಾರ ಅವರಿಗೆ ಇದ್ದೇ ಇದೆ, ಆದರೆ ಮೊದಲು ತಾವೂ ಅದೇ ಕೌಂಟರಿನ ಹಿಂದೆ ಎರಡು ಸಂಜೆ ಕುಳಿತು ಬಂದಿರತಕ್ಕದ್ದು.